ಈಜುಕೊಳವುಳ್ಳ ಅಗ್ಗದ ರೆಸಾರ್ಟ್: ಕುಟುಂಬದೊಡನೆ ತಂಗುವ ಮುನ್ನ ತಿಳಿದಿರಬೇಕಾದುದು

ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆ ರೆಸಾರ್ಟುಗಳಿಗೆ ಬರುವ ದೂರವಾಣಿ ಕರೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ಸ್ವಿಮ್ಮಿಂಗ್ ಪೂಲ್ ಇದೆಯಾ?’ ಎಂಬುದು. ಎರಡನೆಯದು ದರದ ಪ್ರಶ್ನೆ. ಕೊಳದ ಬಳಿ ಕಾವಲಿಗೆ ಯಾರಿರುತ್ತಾರೆ ಎಂದು ಕೇಳುವವರು ವಿರಳ. ಮಕ್ಕಳ ಹಟಕ್ಕೆ ಮಣಿದು ಮಧ್ಯಮ ವರ್ಗದ ಕುಟುಂಬವೊಂದು ಆರಿಸಿಕೊಳ್ಳುವ ಇಂತಹ ತಾಣದಲ್ಲಿ ಅತಿ ಹೆಚ್ಚು ಆಕರ್ಷಣೆಯ ಸ್ಥಳವೂ ಅತಿ ಹೆಚ್ಚು ಅಪಾಯದ ಸ್ಥಳವೂ ಒಂದೇ. ದರ ಇಳಿಸುವಾಗ ಮಾಲೀಕರು ಮೊದಲು ಕತ್ತರಿ ಹಾಕುವುದು ಅತಿಥಿಯ ಕಣ್ಣಿಗೆ ಬೀಳದ ಖರ್ಚುಗಳಿಗೆ. ಕಾವಲುಗಾರನ ಸಂಬಳ, ನೀರಿನ ಪರೀಕ್ಷೆ, ವಿದ್ಯುತ್ ಸುರಕ್ಷತೆ ಆ ಸಾಲಿಗೇ ಸೇರುತ್ತವೆ.

ಯಾವುದು ರೆಸಾರ್ಟ್?

ಹೋಟೆಲಿಗೆ ಜನ ಬರುವುದು ಊರಿನ ಕೆಲಸದ ನಿಮಿತ್ತ. ರೆಸಾರ್ಟಿಗೆ ಬರುವುದು ಆ ಆವರಣದಲ್ಲೇ ಕಾಲ ಕಳೆಯಲು. ವಾಸ, ಊಟ, ಆಟ ಮೂರೂ ಒಂದೇ ಬೇಲಿಯೊಳಗೆ ದೊರೆಯಬೇಕೆಂಬುದು ಈ ವ್ಯವಸ್ಥೆಯ ತಿರುಳು. ಕರ್ನಾಟಕದಲ್ಲಿ ಇದಕ್ಕೆ ದಾರಿ ತೋರಿದವುಗಳಲ್ಲಿ ಸರ್ಕಾರಿ ಸಂಸ್ಥೆಗಳೂ ಇವೆ. 1980ರಲ್ಲಿ ಸ್ಥಾಪನೆಯಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ ಕಬಿನಿ ಹಿನ್ನೀರಿನ ದಡದಲ್ಲಿ ಅರಣ್ಯ ವಾಸ್ತವ್ಯವನ್ನು ಪರಿಚಯಿಸಿತು. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ‘ಮಯೂರ’ ಹೋಟೆಲುಗಳು ಸಾಮಾನ್ಯ ಕುಟುಂಬಗಳಿಗೆ ಪ್ರವಾಸಿ ತಾಣಗಳಲ್ಲಿ ತಂಗಲು ನೆಲೆ ಒದಗಿಸಿದವು. ಅನಂತರ ಮಾಹಿತಿ ತಂತ್ರಜ್ಞಾನ ಕಂಪನಿಗಳ ವಾರಾಂತ್ಯದ ವಿಹಾರಗಳು ಬೆಂಗಳೂರಿನ ಸುತ್ತ ಹೊಸ ಮಾರುಕಟ್ಟೆಯನ್ನೇ ಹುಟ್ಟುಹಾಕಿದವು. ಕನಕಪುರ ರಸ್ತೆ, ಮೈಸೂರು ರಸ್ತೆ, ನಂದಿಬೆಟ್ಟದ ತಪ್ಪಲು ಇವೆಲ್ಲವೂ ಈಗ ರೆಸಾರ್ಟುಗಳ ನೆಲೆ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ, ದಾಂಡೇಲಿಗಳಲ್ಲಿ ತೋಟದ ನಡುವಿನ ಹೋಂಸ್ಟೇಗಳು ಕೂಡ ಕೊಳವೊಂದನ್ನು ತೋಡಿಸಿಕೊಂಡು ರೆಸಾರ್ಟ್ ಎಂಬ ಫಲಕ ತೂಗುಹಾಕಿಕೊಂಡಿವೆ. ಹೀಗಾಗಿ ಹೆಸರು ನೋಡಿ ಗುಣಮಟ್ಟ ಅಳೆಯುವುದು ಸಾಧ್ಯವಿಲ್ಲ.

ದರಪಟ್ಟಿಯನ್ನು ಓದುವ ಬಗೆ

ಅಗ್ಗದ ರೆಸಾರ್ಟುಗಳಲ್ಲಿ ದರ ಬಹುಪಾಲು ಕೋಣೆಗಲ್ಲ, ತಲೆಗೆ. ಜಾಹೀರಾತಿನಲ್ಲಿ ಕಾಣುವ ಅಂಕಿ ಒಬ್ಬರದೇ, ಇಬ್ಬರದೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಉದಾಹರಣೆಗೆ, ತಲಾ 1,800 ರೂಪಾಯಿ ಎಂದಿದ್ದಲ್ಲಿ ತಂದೆ, ತಾಯಿ, ಅಜ್ಜಿ ಮೂವರಿಗೆ 5,400. ಅರ್ಧ ದರದ ಮಗುವಿಗೆ 900. ಒಟ್ಟು 6,300 ರೂಪಾಯಿ. ತೆರಿಗೆ ಬೇರೆ. ಮಗುವೆಂದರೆ ಯಾರು ಎಂಬುದರಲ್ಲೂ ಏಕರೂಪತೆ ಇಲ್ಲ. ಕೆಲವೆಡೆ 5 ವರ್ಷದವರೆಗೆ ಉಚಿತ, ಕೆಲವೆಡೆ 6. ಅರ್ಧ ದರ ಒಂದೆಡೆ 10ಕ್ಕೆ ಮುಗಿದರೆ ಮತ್ತೊಂದೆಡೆ 12ಕ್ಕೆ ಮುಗಿಯುತ್ತದೆ. ಬಾಗಿಲಲ್ಲಿ ನಿಂತು ಮಗನ ವಯಸ್ಸಿನ ಬಗ್ಗೆ ವಾದಿಸುವ ತಂದೆಯಂದಿರ ದೃಶ್ಯ ಸ್ವಾಗತಕಾರರಿಗೆ ಹೊಸದೇನಲ್ಲ.

ತೆರಿಗೆಯ ವಿಷಯದಲ್ಲಿ ಇತ್ತೀಚೆಗೆ ಗ್ರಾಹಕರಿಗೆ ಅನುಕೂಲವಾಗಿದೆ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ 12ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಹಳೆಯ ದರವೇ ಉಳಿದಿದ್ದರೆ ಪ್ರಶ್ನಿಸಬಹುದು. ‘ಸೇವಾ ಶುಲ್ಕ’ ಎಂಬುದು ತೆರಿಗೆಯಲ್ಲ. ಅದನ್ನು ಬಿಲ್ಲಿಗೆ ತಾನಾಗಿಯೇ ಸೇರಿಸುವಂತಿಲ್ಲವೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಆದರೆ ನೀರಿನ ಬಾಟಲಿಗೆ ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಕೇಳಿದರೆ ಕಾನೂನಿನ ಬಲ ಕಡಿಮೆ. ಹೋಟೆಲುಗಳು ಹಾಗೆ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿಯೇ ಹೇಳಿದೆ. ಮನೆಯಿಂದ ನೀರಿನ ಕ್ಯಾನ್ ಒಯ್ಯುವುದೇ ಲೇಸು.

ಬಾಡಿಗೆ ಕಾರಿನಲ್ಲಿ ಹೋಗುವವರು ಚಾಲಕನ ಊಟ ಮತ್ತು ಮಲಗುವ ವ್ಯವಸ್ಥೆಯನ್ನೂ ವಿಚಾರಿಸಬೇಕು. ಇದನ್ನು ಮರೆಯುವ ಕುಟುಂಬಗಳು ಬಹಳ. ರಾತ್ರಿಯೆಲ್ಲ ಸೀಟಿನಲ್ಲೇ ಮುದುಡಿ ಮಲಗಿದವನು ಮರುದಿನ ಘಾಟಿ ಇಳಿಸಬೇಕಾಗುತ್ತದೆ.

ಕೋಣೆಯ ಕುರಿತು ಹೆಚ್ಚು ಹೇಳುವಂಥದ್ದಿಲ್ಲ. ಬಿಸಿನೀರು ಎಷ್ಟು ಹೊತ್ತಿಗೆ, ವಿದ್ಯುತ್ ಹೋದರೆ ಜನರೇಟರ್ ಕೋಣೆಗೂ ಉಂಟೇ, ಹೆಚ್ಚುವರಿ ಹಾಸಿಗೆಗೆ ಎಷ್ಟು, ಅಜ್ಜಿಗೆ ಮೆಟ್ಟಿಲು ಹತ್ತುವ ಕಷ್ಟ ತಪ್ಪುವುದೇ ಎಂಬ ನಾಲ್ಕು ವಿಚಾರಣೆಗಳು ಸಾಕು.

ಕೊಳದ ನೀರಿನ ಲೆಕ್ಕ

ನಲವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ಸರಾಸರಿ ನಾಲ್ಕು ಅಡಿ ಆಳದ ಸಾಧಾರಣ ಕೊಳವೊಂದನ್ನು ತೆಗೆದುಕೊಳ್ಳೋಣ. ಅದರಲ್ಲಿ ಹಿಡಿಯುವ ನೀರು ಸುಮಾರು 90,000 ಲೀಟರ್, ಅಂದರೆ 6,000 ಲೀಟರ್ ಸಾಮರ್ಥ್ಯದ 15 ಟ್ಯಾಂಕರ್‌ಗಳಷ್ಟು. ‘ವಾರಕ್ಕೊಮ್ಮೆ ನೀರು ಬದಲಿಸುತ್ತೇವೆ’ ಎಂಬ ಭರವಸೆಯನ್ನು ಈ ಲೆಕ್ಕದ ಬೆಳಕಿನಲ್ಲಿಯೇ ನೋಡಬೇಕು. ಕೊಳವೆಬಾವಿಗಳು ಬತ್ತಿದ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಘೋಷಿಸಿತ್ತು. ವಾಸ್ತವದಲ್ಲಿ ಸುಸ್ಥಿತಿಯ ಕೊಳದ ನೀರನ್ನು ಪದೇ ಪದೇ ಬದಲಿಸುವ ಅಗತ್ಯವೂ ಇಲ್ಲ. ಪಂಪು ನೀರನ್ನು ಎಳೆದು ಮರಳಿನ ಸೋಸುಕದ ಮೂಲಕ ಹಾಯಿಸಿ ಮರಳಿ ಬಿಡುತ್ತಿರಬೇಕು. ಆರು ಗಂಟೆಗೊಮ್ಮೆ ಇಡೀ ಕೊಳ ಸೋಸಿ ಬರಬೇಕಾದರೆ ಮೇಲಿನ ಅಳತೆಯ ಕೊಳಕ್ಕೆ ಗಂಟೆಗೆ 15,000 ಲೀಟರ್ ಎತ್ತುವ ಪಂಪು ಬೇಕು. ವಿದ್ಯುತ್ ಬಿಲ್ ಉಳಿಸಲು ಅದನ್ನು ಬೆಳಿಗ್ಗೆ ಒಂದು ಗಂಟೆ ಓಡಿಸಿ ನಿಲ್ಲಿಸುವವರಿದ್ದಾರೆ.

ಸೋಸುವಿಕೆ ಕಸ ತೆಗೆಯುತ್ತದೆ. ರೋಗಾಣುಗಳನ್ನು ಕೊಲ್ಲುವುದು ಕ್ಲೋರಿನ್. ಲೀಟರಿಗೆ 1ರಿಂದ 3 ಮಿಲಿಗ್ರಾಂ ಮುಕ್ತ ಕ್ಲೋರಿನ್ ಇರಬೇಕು, ನೀರಿನ ಪಿಎಚ್ 7.2ರಿಂದ 7.8ರ ನಡುವೆ ನಿಲ್ಲಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಳತೆ. ಭಾರತೀಯ ಮಾನಕ ಬ್ಯೂರೋ ಈಜುಕೊಳದ ನೀರಿಗೆಂದೇ ಐ.ಎಸ್. 3328 ಎಂಬ ಪ್ರತ್ಯೇಕ ಮಾನಕವನ್ನು ಹೊರಡಿಸಿದೆ. 90,000 ಲೀಟರ್ ನೀರಿನಲ್ಲಿ ಕ್ಲೋರಿನ್ ಪ್ರಮಾಣವನ್ನು ಒಂದು ಮಿಲಿಗ್ರಾಂನಷ್ಟು ಏರಿಸಲು ಶೇ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ 140 ಗ್ರಾಂ ಸಾಕು. ಖರ್ಚು ಹೆಚ್ಚೇನಲ್ಲ, ಬೇಕಾದುದು ಶ್ರದ್ಧೆ. ಸುಡುಬಿಸಿಲಿನಲ್ಲಿ ಕ್ಲೋರಿನ್ ಕೆಲವೇ ಗಂಟೆಗಳಲ್ಲಿ ನಶಿಸುತ್ತದೆಯಾದ್ದರಿಂದ ಬೆಳಿಗ್ಗೆ ಹಾಕಿದ್ದು ಸಂಜೆಗೆ ಉಳಿದಿರುತ್ತದೆಂಬ ಖಾತ್ರಿಯಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹುವಾಗಿ ರೂಢಿಯಲ್ಲಿದೆ. ಮೂಗಿಗೆ ಬಡಿಯುವ ‘ಕ್ಲೋರಿನ್ ವಾಸನೆ’ ಸ್ವಚ್ಛತೆಯ ಗುರುತಲ್ಲ. ಬೆವರು, ಮೂತ್ರ, ತಲೆಗೆ ಹಚ್ಚಿದ ಎಣ್ಣೆಗಳೊಡನೆ ಕ್ಲೋರಿನ್ ಸೇರಿದಾಗ ಉಂಟಾಗುವ ಕ್ಲೋರಮೈನ್‌ಗಳ ವಾಸನೆ ಅದು. ಕಣ್ಣು ಕೆಂಪಾಗಿಸುವುದೂ ಅವೇ. ಕೊಳಕ್ಕೆ ಇಳಿಯುವ ಮುನ್ನ ಸ್ನಾನ ಮಾಡಬೇಕೆಂಬ ನಿಯಮ ಇರುವುದು ಇದರಿಂದಾಗಿ. ಭೇದಿಯಾಗುತ್ತಿರುವ ಮಗುವನ್ನು ಎಷ್ಟೇ ಅತ್ತರೂ ಇಳಿಸಬಾರದು. ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿ ಜೀವಿ ಸಾಮಾನ್ಯ ಪ್ರಮಾಣದ ಕ್ಲೋರಿನ್‌ಗೆ ಸುಲಭವಾಗಿ ಸಾಯುವುದಿಲ್ಲ.

ನೋಡಿದೊಡನೆ ಮಾಡಬಹುದಾದ ಪರೀಕ್ಷೆ ಸರಳ. ಆಳದ ತುದಿಯಲ್ಲಿ ನಿಂತು ಕೆಳಗಿನ ನೆಲಹಾಸಿನ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆಯೇ ಎಂದು ನೋಡಬೇಕು. ಕಾಣದಿದ್ದರೆ ಇಳಿಯಬಾರದು. ರೋಗದ ಭಯ ಒಂದು ಕಾರಣ. ಮಂಕು ನೀರಿನ ತಳದಲ್ಲಿ ಬಿದ್ದಿರುವ ಮಗು ಯಾರ ಕಣ್ಣಿಗೂ ಬೀಳದು ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಈಜುಡುಗೆಯ ನಿಯಮ ಹಲವು ಕುಟುಂಬಗಳಿಗೆ ಮುಜುಗರ ತರುತ್ತದೆ. ಹತ್ತಿಯ ಬಟ್ಟೆಯ ಎಳೆಗಳು ಸೋಸುಕವನ್ನು ಕಟ್ಟುತ್ತವೆ, ಬಟ್ಟೆಯ ಕೊಳೆ ಮತ್ತು ಸಾಬೂನು ನೀರಿಗಿಳಿಯುತ್ತವೆ, ಒದ್ದೆಯಾದ ಚೂಡಿದಾರದ ದುಪಟ್ಟಾ ಕೈಕಾಲಿಗೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ನಿಯಮ ಸಕಾರಣವಾದುದೇ. ಆದರೆ ಅದನ್ನು ಕಾಯ್ದಿರಿಸುವಾಗಲೇ ತಿಳಿಸದೆ ಕೊಳದ ಬಳಿ ತಡೆದರೆ ಮನೆಯ ಹೆಂಗಸರು ದಂಡೆಯ ಮೇಲೆ ಕುಳಿತು ಬಟ್ಟೆ ಕಾಯುವಂತಾಗುತ್ತದೆ. ಮೈ ಮುಚ್ಚುವ, ಮೊಣಕಾಲಿನವರೆಗಿನ ನೈಲಾನ್ ಉಡುಪುಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ.

ಆರು ಅಡಿಯ ಆಳ

ಮಂಗಳೂರು ಸಮೀಪದ ಸೋಮೇಶ್ವರ ಬಳಿಯ ಕಡಲತೀರದ ರೆಸಾರ್ಟ್ ಒಂದರಲ್ಲಿ 2024ರ ನವೆಂಬರ್ 17ರ ಭಾನುವಾರ ಬೆಳಿಗ್ಗೆ ಮೈಸೂರಿನಿಂದ ಬಂದಿದ್ದ ಮೂವರು ಯುವತಿಯರು ಈಜುಕೊಳದಲ್ಲಿ ಮುಳುಗಿ ಮೃತಪಟ್ಟರು. ಮೂವರೂ ಇಪ್ಪತ್ತರ ಆಸುಪಾಸಿನವರು, ವಿದ್ಯಾರ್ಥಿನಿಯರು, ಈಜು ಬಲ್ಲವರಲ್ಲ. ಆಳದ ಭಾಗ ಸುಮಾರು 6 ಅಡಿ. ಒಬ್ಬಾಕೆ ಮುಳುಗತೊಡಗಿದಾಗ ಆಕೆಯನ್ನು ಉಳಿಸಲು ಹೋದ ಇನ್ನಿಬ್ಬರೂ ಮುಳುಗಿದರು. ಇದೆಲ್ಲವೂ ಸಿಸಿಟಿವಿಯಲ್ಲಿ ದಾಖಲಾಯಿತು. ದೃಶ್ಯ ದಾಖಲಿಸುವ ಕ್ಯಾಮೆರಾ ಇತ್ತು. ನೀರಿಗೆ ಧುಮುಕುವ ಜೀವರಕ್ಷಕ ಇರಲಿಲ್ಲ. ಪೊಲೀಸರು ರೆಸಾರ್ಟಿನ ಮಾಲೀಕನನ್ನೂ ವ್ಯವಸ್ಥಾಪಕನನ್ನೂ ಬಂಧಿಸಿದರು.

ಆರು ಅಡಿ ಎಂಬುದು ಕೇಳಲು ಸಣ್ಣ ಅಂಕಿ. ಆದರೆ ಐದಡಿ ಎತ್ತರದ ವ್ಯಕ್ತಿಗೆ ಅದು ತಲೆಯ ಮೇಲೆ ಒಂದಡಿ ನೀರು. ಇದಕ್ಕೆ ಬೆಳಕಿನ ವಕ್ರೀಭವನವೂ ಕೂಡಿಕೊಳ್ಳುತ್ತದೆ. ಮೇಲಿನಿಂದ ನೋಡುವವರಿಗೆ ನೀರಿನ ಆಳ ಇರುವುದರ ಮುಕ್ಕಾಲು ಪಾಲಷ್ಟೇ ಕಾಣುವುದರಿಂದ ಆರಡಿಯ ಕೊಳ ನಾಲ್ಕೂವರೆ ಅಡಿಯಂತೆ ತೋರುತ್ತದೆ. ತಳದ ನೆಲ ಮೂರಡಿಯಿಂದ ಇಳಿಜಾರಾಗಿ ಸಾಗುವಲ್ಲಿ ನಡೆಯುತ್ತಿದ್ದವರಿಗೆ ನೆಲ ತಪ್ಪುವುದು ಒಂದೇ ಹೆಜ್ಜೆಯಲ್ಲಿ. ಆದ್ದರಿಂದ ಆಳದ ಅಂಕಿಗಳು ದಂಡೆಯ ಮೇಲೆ ಎದ್ದು ಕಾಣುವಂತೆ ಬರೆದಿರಬೇಕು, ಆಳ ಹೆಚ್ಚುವ ಕಡೆ ಅಡ್ಡಲಾಗಿ ತೇಲುವ ಹಗ್ಗ ಕಟ್ಟಿರಬೇಕು. ಈಜು ಬಾರದ ಕುಟುಂಬಕ್ಕೆ ಎಲ್ಲೆಡೆಯೂ ನಾಲ್ಕು ಅಡಿ ಮೀರದ ಕೊಳವೇ ಸೂಕ್ತ. ಚಿಕ್ಕ ಮಕ್ಕಳಿಗೆ ಅದೂ ಆಳವೇ. ಅವರ ಕೊಳ ಪ್ರತ್ಯೇಕವಾಗಿದ್ದು ನಡುವೆ ಬೇಲಿ ಇದ್ದರೆ ಒಳ್ಳೆಯದು.

ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಅವರಲ್ಲಿ ನಾಲ್ಕನೇ ಒಂದು ಪಾಲು ಐದು ವರ್ಷದೊಳಗಿನ ಮಕ್ಕಳು. ಮುಳುಗುವವರು ಕೈ ಬೀಸಿ ಕೂಗುತ್ತಾರೆಂಬುದು ಸಿನಿಮಾ ಕಲಿಸಿದ ಪಾಠ. ನಿಜವಾಗಿ ಮುಳುಗುತ್ತಿರುವ ಮಗುವಿಗೆ ಕೂಗಲು ಉಸಿರೇ ಇರುವುದಿಲ್ಲ. ಮೈ ನೆಟ್ಟಗೆ ನಿಂತಂತಿರುತ್ತದೆ, ತಲೆ ಹಿಂದಕ್ಕೆ ವಾಲಿ ಬಾಯಿ ನೀರಿನ ಮಟ್ಟದಲ್ಲಿರುತ್ತದೆ, ಕೈಗಳು ಪಕ್ಕದಲ್ಲಿ ನೀರನ್ನು ಒತ್ತುತ್ತಿರುತ್ತವೆ. ಒಂದು ನಿಮಿಷದೊಳಗೆ ಎಲ್ಲವೂ ಮುಗಿಯಬಹುದು. ಹತ್ತು ಮಂದಿ ದೊಡ್ಡವರು ದಂಡೆಯಲ್ಲಿ ಹರಟುತ್ತ ಕುಳಿತಾಗ ಪ್ರತಿಯೊಬ್ಬರೂ ಮತ್ತೊಬ್ಬರು ನೋಡುತ್ತಿದ್ದಾರೆಂದು ಭಾವಿಸುತ್ತಾರೆ. ಇಂತಹ ಗುಂಪುಗಳಲ್ಲಿ ಹದಿನೈದು ನಿಮಿಷಕ್ಕೊಬ್ಬರಂತೆ, ಮೊಬೈಲ್ ಬದಿಗಿಟ್ಟು, ಮಕ್ಕಳನ್ನು ನೋಡುವ ಕೆಲಸವನ್ನು ಹೆಸರಿಟ್ಟು ಹಂಚಿಕೊಳ್ಳುವುದು ಉಚಿತ. ಮದ್ಯ ಸೇವಿಸಿದವರನ್ನು ಈ ಪಾಳಿಗೆ ಸೇರಿಸಬಾರದು. ತೋಳಿಗೆ ಕಟ್ಟುವ ಗಾಳಿ ತುಂಬಿದ ಪಟ್ಟಿಗಳು ಆಟಿಕೆಗಳೇ ಹೊರತು ರಕ್ಷಣಾ ಸಾಧನಗಳಲ್ಲ.

ಕಣ್ಣಿಗೆ ಕಾಣದ ಎರಡು ಅಪಾಯಗಳಿವೆ. ಮೊದಲನೆಯದು ತಳದಲ್ಲಿ ನೀರು ಹೀರುವ ಕಿಂಡಿ. ಅದರ ಜಾಲರಿ ಕಿತ್ತುಹೋಗಿದ್ದರೆ ಕೂದಲು ಅಥವಾ ಮೈಯೇ ಅಲ್ಲಿ ಸಿಲುಕಬಹುದು. ಅಮೆರಿಕದಲ್ಲಿ 2002ರಲ್ಲಿ ಏಳು ವರ್ಷದ ಬಾಲಕಿಯೊಬ್ಬಳು ಹೀಗೆ ಸತ್ತ ಬಳಿಕ, 2007ರಲ್ಲಿ ಅವಳ ಹೆಸರಿನಲ್ಲಿಯೇ ಸುರಕ್ಷಿತ ಜಾಲರಿಯನ್ನು ಕಡ್ಡಾಯಗೊಳಿಸುವ ಕಾಯಿದೆ ಬಂದಿತು. ಎರಡನೆಯದು ವಿದ್ಯುತ್. ನೀರಿನೊಳಗಿನ ದೀಪಗಳು 12 ವೋಲ್ಟಿನವಾಗಿರಬೇಕು. ಪಂಪಿನ ಮಾರ್ಗಕ್ಕೆ 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಸಾಧನ ಇರಬೇಕು. ಅತಿಥಿ ಇದನ್ನು ಪರೀಕ್ಷಿಸಲಾರ. ಆದರೆ ದಂಡೆಯ ಮೇಲೆ ಬಿದ್ದಿರುವ ತೇಪೆ ಹಾಕಿದ ವೈರು, ಡಿಜೆ ಪೆಟ್ಟಿಗೆಗೆ ಎಳೆದ ಎಕ್ಸ್‌ಟೆನ್ಷನ್ ಬೋರ್ಡ್ ಯಾರಿಗಾದರೂ ಕಾಣುತ್ತವೆ. ಅಂತಹ ಕಡೆ ‘ರೇನ್ ಡಾನ್ಸ್’ ನಡೆಯುತ್ತಿದ್ದರೆ ಮಕ್ಕಳನ್ನು ಕರೆದುಕೊಂಡು ಹೊರಬರುವುದೇ ಸರಿ. ಗುಡುಗು ಕೇಳಿದಾಗಲೂ ಅಷ್ಟೇ.

ಮುಳುಗಿದವರಿಗೆ ಚಿಕಿತ್ಸೆ

ಈಜು ಬಾರದವರು ರಕ್ಷಣೆಗೆಂದು ನೀರಿಗಿಳಿಯಬಾರದು. ಟವೆಲ್, ಸೀರೆ, ಹಗ್ಗ, ಬಿದಿರಿನ ಗಳು ಯಾವುದನ್ನಾದರೂ ಚಾಚಬೇಕು. ಮುಚ್ಚಳ ಬಿಗಿದ 20 ಲೀಟರ್‌ನ ಖಾಲಿ ಕ್ಯಾನ್ ಎಸೆದರೆ ಅದನ್ನು ಹಿಡಿದು ತೇಲಬಹುದು. ಮೇಲೆತ್ತಿದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗಾಗಿಸಿ ತಿರುಗಿಸುವುದು ಇಂದಿಗೂ ರೂಢಿಯಲ್ಲಿದೆ. ಇದರಿಂದ ಅಮೂಲ್ಯ ಸಮಯ ಹಾಳಾಗುವುದಲ್ಲದೆ ಹೊಟ್ಟೆಯ ನೀರು ಶ್ವಾಸಕೋಶ ಸೇರುವ ಅಪಾಯವೂ ಇದೆ. ಉಸಿರಾಟ ನಿಂತಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ನೀಡಿ, ಅನಂತರ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. 30 ಬಾರಿ ಒತ್ತಿದ ಬಳಿಕ 2 ಉಸಿರು, ನೆರವು ಬರುವವರೆಗೆ. ಚೇತರಿಸಿಕೊಂಡು ಮಾತನಾಡಿದರೂ ಆಸ್ಪತ್ರೆಗೆ ಒಯ್ಯಲೇಬೇಕು. ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರ ಉಲ್ಬಣಿಸಬಹುದು.

ಆಂಬುಲೆನ್ಸ್‌ಗೆ 108, ಇತರ ತುರ್ತು ನೆರವಿಗೆ 112 ಸಂಖ್ಯೆಗಳಿವೆ. ಆದರೆ ಮಲೆನಾಡಿನ ಎಷ್ಟೋ ತೋಟಗಳಲ್ಲಿ ಮೊಬೈಲ್ ಸಂಕೇತವೇ ಸಿಗುವುದಿಲ್ಲ. ಮುಖ್ಯರಸ್ತೆಯಿಂದ ಒಳಕ್ಕೆ ಹೋಗುವ ಕಚ್ಚಾ ಹಾದಿಯಲ್ಲಿ ವಾಹನ ಬರಲು ಹಿಡಿಯುವ ಸಮಯವೂ ಹೆಚ್ಚು. ಸ್ವಾಗತ ಕೊಠಡಿಯಲ್ಲಿ ಸ್ಥಿರ ದೂರವಾಣಿ ಇದೆಯೇ, ತಾಲ್ಲೂಕು ಆಸ್ಪತ್ರೆ ಎಷ್ಟು ಕಿಲೋಮೀಟರ್, ರಾತ್ರಿ ವೇಳೆ ರೆಸಾರ್ಟಿನ ಜೀಪು ಮತ್ತು ಅದರ ಚಾಲಕ ಅಲ್ಲಿಯೇ ಇರುತ್ತಾರೆಯೇ ಎಂಬುದನ್ನು ಮುಂಗಡ ಹಣ ಕಳುಹಿಸುವ ಮೊದಲೇ ವಿಚಾರಿಸಬಹುದು.