ಕೈಮಗ್ಗದಿಂದ ಕ್ಯುಬಿಕಲ್‌ವರೆಗೆ

ಹೋದ ತಿಂಗಳು ನಮ್ಮ ಆಫೀಸಿನಲ್ಲಿ ನ್ಯೂರೋಡೈವರ್ಸಿಟಿ ಬಗ್ಗೆ ಒಂದು ಗಂಟೆಯ ಟ್ರೇನಿಂಗ್ ಇತ್ತು. ಆಟಿಸಂ, ಡಿಸ್ಲೆಕ್ಸಿಯಾ, ಎಡಿಎಚ್‌ಡಿ ಅಂದ್ರೆ ಏನು ಅಂತ ಸ್ಲೈಡು ತೋರಿಸಿದ್ರು, ಹತ್ತು ಪ್ರಶ್ನೆ ಕೇಳಿದ್ರು, ಸರ್ಟಿಫಿಕೇಟು ಮೇಲ್ ಮಾಡಿದ್ರು. ಅಲ್ಲಿಗೆ ಮುಗೀತು.

ನನಗೆ ಮಾತ್ರ ಮುಗೀಲಿಲ್ಲ. ಬನಹಟ್ಟಿಯಲ್ಲಿರೋ ನಮ್ಮ ಕಾಕಾನ ಮಗನಿಗೆ ಆಟಿಸಂ ಇದೆ. ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಕೆಲಸ ಹುಡುಕ್ತಿದ್ದಾನೆ. ಇಂಟರ್‌ವ್ಯೂನಲ್ಲಿ ಎದುರಿನವರ ಮುಖ ನೋಡಿ ಮಾತಾಡಲ್ಲ ಅನ್ನೋದೇ ಅವನ ದೊಡ್ಡ ತಪ್ಪು! ಅದಕ್ಕೇ ಈ ವಿಷಯದ ಇತಿಹಾಸ ಸ್ವಲ್ಪ ಕೆದಕಿದೆ.

ನಮ್ಮೂರಿಂದಲೇ ಶುರು ಮಾಡ್ತೀನಿ. ರಬಕವಿ-ಬನಹಟ್ಟಿ ನೇಕಾರರ ಊರು. ಕೈಮಗ್ಗದ ಮನೇಲಿ ಒಬ್ಬರು ಹಾಸು ತಯಾರು ಮಾಡ್ತಾರೆ, ಒಬ್ಬರು ಕಂಡಿಕೆ ಸುತ್ತುತ್ತಾರೆ, ಒಬ್ಬರು ಮಗ್ಗಕ್ಕೆ ಕೂರ್ತಾರೆ. ಕಲಿಸೋದು ಅಂದ್ರೆ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ ತೋರಿಸೋದು. ಮಾತು ಕಮ್ಮಿ ಇದ್ದವರಿಗೂ ಅಲ್ಲೊಂದು ಜಾಗ ಸಿಗ್ತಿತ್ತು. ಹಾಗಂತ ಅದೇನು ಸ್ವರ್ಗ ಅಲ್ಲ. ಅಂಥವರನ್ನ ಓಣಿಯಲ್ಲಿ 'ಹುಚ್ಚ' ಅಂತ ಕರೆದದ್ದು ಕೇಳಿದ್ದೀನಿ, ದುಡಿದ ಕೂಲಿ ಅವರ ಕೈಗೆ ಬರದೇ ಇದ್ದದ್ದೂ ನೋಡಿದ್ದೀನಿ.

ಆಮೇಲೆ ಪಾವರ್‌ಲೂಮ್ ಬಂತು. ಆ ಶೆಡ್ಡಿನ ಸದ್ದು ಕೇಳಿದವರಿಗೇ ಗೊತ್ತು. ಸದ್ದು ತಡೆಯೋಕಾಗದವನು ಅಲ್ಲಿ ಹೇಗೆ ನಿಲ್ತಾನೆ? ಜಮಖಂಡಿ, ಮುಧೋಳ, ಬೀಳಗಿ ಕಡೆ ಕಬ್ಬಿನ ಕಥೆಯೂ ಹೆಚ್ಚುಕಮ್ಮಿ ಹೀಗೇ. ಸಕ್ಕರೆ ಕಾರ್ಖಾನೆ ಬಂತು, ಜೊತೆಗೆ ಶಿಫ್ಟು, ಸೈರನ್ನು. ಕೆಲಸ ಮನುಷ್ಯನಿಗೆ ಹೊಂದಿಕೊಳ್ಳೋದು ನಿಂತು, ಮನುಷ್ಯನೇ ಕೆಲಸಕ್ಕೆ ಹೊಂದಿಕೊಳ್ಳಬೇಕಾಯ್ತು.

ಕಾನೂನೂ ನಿಧಾನಕ್ಕೇ ಬಂತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು 7 ಬಗೆ, ಅದರಲ್ಲಿ ಆಟಿಸಂ ಇರಲಿಲ್ಲ. 'ನ್ಯೂರೋಡೈವರ್ಸಿಟಿ' ಅನ್ನೋ ಪದ ಅಮೆರಿಕದ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದು 1998ರಲ್ಲಿ. ಮರುವರ್ಷ ನಮ್ಮಲ್ಲಿ ಬಂದ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆಟಿಸಂ ಸೇರಿತು. ಆದರೆ ಅದರ ಚಿಂತೆ ಆರೈಕೆ ಮತ್ತು ಪಾಲನೆಯದ್ದು, ನೌಕರಿಯದ್ದಲ್ಲ. 2016ರ ಕಾಯ್ದೆ ಪಟ್ಟಿಯನ್ನ 21ಕ್ಕೆ ಏರಿಸಿತು. ಆಟಿಸಂ, ಕಲಿಕಾ ನ್ಯೂನತೆ ಎರಡೂ ಸೇರಿದವು (ಎಡಿಎಚ್‌ಡಿ ಹೆಸರು ಅದರಲ್ಲಿಲ್ಲ). ಪ್ರತಿ ಸಂಸ್ಥೆಗೂ ಸಮಾನ ಅವಕಾಶದ ನೀತಿ ಇರಬೇಕು ಅಂತಲೂ ಬಂತು. 2017ರ ನಿಯಮದ ಪ್ರಕಾರ 20 ಅಥವಾ ಹೆಚ್ಚು ನೌಕರರಿರೋ ಖಾಸಗಿ ಕಂಪನಿ ಆ ನೀತಿಯಲ್ಲಿ ಆಯ್ಕೆ, ತರಬೇತಿಗಳ ವಿವರವನ್ನೂ ಬರೀಬೇಕು.

ನಮ್ಮ ಐಟಿ ಲೋಕದಲ್ಲಿ? 2004ರಲ್ಲಿ ಡೆನ್ಮಾರ್ಕಿನ ಥಾರ್ಕಿಲ್ ಸೊನ್ನ 'ಸ್ಪೆಶಲಿಸ್ಟೆರ್ನ' ಅನ್ನೋ ಕಂಪನಿ ಶುರು ಮಾಡಿದರು. ಅವರ ಮಗನಿಗೆ ಆಟಿಸಂ ಇತ್ತು. ಅಲ್ಲಿ ಇಂಟರ್‌ವ್ಯೂ ಬದಲು ಲೆಗೋ ರೋಬೋಟ್ ಕಟ್ಟಿಸಿ ಕೌಶಲ ನೋಡ್ತಿದ್ರು. 2013ರಲ್ಲಿ ಎಸ್‌ಎಪಿ ಅವರ ಜೊತೆ ಸೇರಿ ದೊಡ್ಡ ಕಾರ್ಯಕ್ರಮ ಘೋಷಿಸಿದಾಗ, ಅದಾಗಲೇ ಬೆಂಗಳೂರಿನ ಎಸ್‌ಎಪಿ ಲ್ಯಾಬ್ಸ್‌ನಲ್ಲಿ ಆಟಿಸಂ ಇರೋ 6 ಜನ ಸಾಫ್ಟ್‌ವೇರ್ ಟೆಸ್ಟರ್‌ಗಳಾಗಿ ಸೇರಿದ್ದರು. ಮುಂದೆ ಆ ಕಾರ್ಯಕ್ರಮದಲ್ಲಿ ಮ್ಯಾನೇಜರ್‌ಗೆ ತಿಳುವಳಿಕೆ, ಜೊತೆಗೊಬ್ಬ ಸಹೋದ್ಯೋಗಿಯ ಆಸರೆ ಎಲ್ಲ ಇತ್ತು.

ಇಷ್ಟು ಓದಿದ ಮೇಲೆ ನನಗೆ ಅನಿಸಿದ್ದು ಒಂದೇ: ಇಂಥವರಿಗೆ ಜಾಗ ಸಿಕ್ಕಿದ್ದು ಉಪದೇಶದಿಂದಲ್ಲ, ಕೆಲಸದ ರೀತಿ ಬದಲಾದಾಗ. ಹಾಗಾಗಿ ಟ್ರೇನಿಂಗ್ ಬರೀ ಕಾಯಿಲೆ ಹೆಸರಿನ ಪಾಠ ಆಗಬಾರದು. (ಇವು ಕಾಯಿಲೆಯೂ ಅಲ್ಲ ಬಿಡಿ.) ಪ್ರತಿ ಮ್ಯಾನೇಜರು ತನ್ನ ಟೀಮಿನಲ್ಲಿ ಏನು ಬದಲಿಸ್ತೀನಿ ಅಂತ ಬರೆದುಕೊಂಡು ಹೊರಬರಬೇಕು. ಸೂಚನೆ ಬಾಯಲ್ಲಷ್ಟೇ ಅಲ್ಲ, ಬರವಣಿಗೆಯಲ್ಲೂ ಕೊಡೋದು. ಸದ್ದಿಲ್ಲದ ಒಂದು ಮೂಲೆ. ಮಾತಿನ ಇಂಟರ್‌ವ್ಯೂ ಬದಲು ಕೆಲಸದ ಮಾದರಿ ಪರೀಕ್ಷೆ. ಯಾರಿಗೆ ಏನಿದೆ ಅಂತ ಎಲ್ಲರೆದುರು ಕೇಳದೆ, ಏನು ಬೇಕು ಅಂತ ಒಬ್ಬೊಬ್ಬರನ್ನೇ ಕೇಳೋದು. ಮೂರು ತಿಂಗಳಾದ ಮೇಲೆ ಏನಾಯ್ತು ಅಂತ ತಿರುಗಿ ನೋಡೋದು. ಇದರಲ್ಲಿ ಹೆಚ್ಚಿನದಕ್ಕೆ ದುಡ್ಡೇ ಬೇಕಿಲ್ಲ.

ನಿಮ್ಮ ಆಫೀಸುಗಳಲ್ಲಿ ನಿಜವಾಗಿ ಏನಾದ್ರೂ ಬದಲಾಗಿದ್ರೆ ಖಂಡಿತ ಬರೀರಿ. ನಮ್ಮ ಹುಡುಗನಂಥವರು ಓದ್ತಾರೆ.