ಬಹುಮಾನಕ್ಕಿಂತ ದುಬಾರಿಯಾದ ತಪ್ಪು

ಟಿವಿಯಲ್ಲಿ ತಪ್ಪು ಹೇಳಿದರೆ ನಾವೇನು ಮಾಡ್ತೀವಿ? ಕೆಳಗೆ ಒಂದು ಸ್ಕ್ರೋಲ್ ಓಡಿಸಿ ಕೈತೊಳೆದುಕೊಳ್ತೀವಿ. ಫ್ರಾನ್ಸ್‌ನ ಗಣಿತಜ್ಞ ಆನ್ರಿ ಪ್ವಾಂಕಾರೆಗೆ ಅದು ಅಷ್ಟು ಅಗ್ಗವಾಗಲಿಲ್ಲ.

1889ರ ಜನವರಿ. ಸ್ವೀಡನ್ ದೊರೆ ಎರಡನೇ ಆಸ್ಕರ್‌ಗೆ ಅರವತ್ತು ತುಂಬಿದ ಸಂಭ್ರಮ. ಆ ನೆಪದ ಸ್ಪರ್ಧೆಯಲ್ಲಿ ಪ್ವಾಂಕಾರೆ 2,500 ಕ್ರೋನರ್ ಗೆದ್ದರು. ವಿಷಯ, ಗುರುತ್ವ ಎಳೆದಾಡುವ ಮೂರು ಕಾಯಗಳ ಚಲನೆ. (ಎಂಜಿನಿಯರಿಂಗ್‌ನಲ್ಲಿ ನಾನು ಓದಿದ್ದು ಎರಡು ಕಾಯಗಳ ಲೆಕ್ಕ ಮಾತ್ರ. ಮೂರನೆಯದು ಬಂದರೆ ಸಿಲೆಬಸ್ ಮುಗೀತು!) ಪ್ರೂಫ್ ನೋಡುತ್ತಿದ್ದ ತರುಣ ಗಣಿತಜ್ಞ ಫ್ರಾಗ್ಮೆನ್ ಕೆಲವು ಕಡೆ ಸ್ಪಷ್ಟನೆ ಕೇಳಿದರು. ಉತ್ತರ ಹುಡುಕಲು ಕೂತ ಪ್ವಾಂಕಾರೆಗೆ ಬೇರೆಲ್ಲೋ ದೊಡ್ಡ ತಪ್ಪೇ ಸಿಕ್ಕಿತು. ಹಂಚಿದ್ದ ಪ್ರತಿಗಳನ್ನು ಸಂಪಾದಕರು ಸದ್ದಿಲ್ಲದೆ ವಾಪಸ್ ತರಿಸಿದರು. ಮರುಮುದ್ರಣದ ಖರ್ಚು 3,585 ಕ್ರೋನರ್, ಪ್ವಾಂಕಾರೆ ಜೇಬಿನಿಂದಲೇ.

ತಿದ್ದಿದ ಪ್ರಬಂಧದಲ್ಲಿ ಹುಟ್ಟಿದ್ದು ಕೇಯಾಸ್. ಆರಂಭದಲ್ಲಿ ಕೂದಲೆಳೆ ವ್ಯತ್ಯಾಸ, ಕೊನೆಗೆ ಕಕ್ಷೆಯೇ ಬೇರೆ. 1905ರಲ್ಲಿ ಗುರುತ್ವದ ಅಲೆ ಬೆಳಕಿನ ವೇಗದಲ್ಲಿ ಸಾಗುತ್ತದೆ ಅಂದವರೂ ಇವರೇ ನೋಡಿ.

2015ರಲ್ಲಿ ಅಮೆರಿಕದ ಲೈಗೋ ಆ ಅಲೆಯನ್ನು ಹಿಡಿಯಿತು. ಮೊದಲೇ ಲೆಕ್ಕ ಹಾಕಿಟ್ಟ ಮಾದರಿಗಳ ಜತೆ ಹೋಲಿಸುವುದು ಲೈಗೋದ ಮುಖ್ಯ ದಾರಿ. ಬುಗುರಿಯಂತೆ ತಿರುಗುವ ಎರಡು ಕಪ್ಪುಕುಳಿಗಳ ಕಕ್ಷೆ ಕೇಯಾಸ್‌ಗೆ ಜಾರಿದರೆ ಈ ಮಾದರಿಗಳು ಕೈಕೊಡಬಹುದೆಂದು ಜಾನಾ ಲೆವಿನ್ 2000ದಲ್ಲೇ ಎಚ್ಚರಿಸಿದ್ದರು. ಅಲೆಗಳೇ ಶಕ್ತಿ ಹೊತ್ತೊಯ್ದು ಅವೆರಡನ್ನೂ ಬೇಗ ಒಂದಾಗಿಸುತ್ತವೆ, ಕೇಯಾಸ್ ತಲೆ ಎತ್ತಲು ಪುರಸೊತ್ತೆಲ್ಲಿ ಅಂತ ಬೇರೆಯವರು ವಾದಿಸಿದರು.