ಕೋವಿಯ ಮರದ ಹಿಡಿ

ಕೋವಿಯ ಮರದ ಹಿಡಿ ಅಥವಾ ಸ್ಟಾಕ್ ಎಂಬುದು ರೈಫಲ್ ಹಾಗೂ ಬಂದೂಕುಗಳ ನಳಿಗೆಯನ್ನೂ ಲೋಹದ ಯಂತ್ರಭಾಗಗಳನ್ನೂ ಹೊತ್ತು, ಗುಂಡು ಹಾರಿಸುವವರ ಭುಜಕ್ಕೆ ಆನಿಕೊಳ್ಳುವ ಭಾಗವಾಗಿದೆ. ಗುಂಡು ಹಾರಿದಾಗ ಉಂಟಾಗುವ ಒದೆತವನ್ನು ಭುಜಕ್ಕೆ ಸಮವಾಗಿ ಹರಡುವುದು ಮತ್ತು ಕಣ್ಣನ್ನು ಗುರಿಯ ನೇರಕ್ಕೆ ತರುವುದು ಇದರ ಮುಖ್ಯ ಕಾರ್ಯಗಳು. ಇಂದು ಹೆಚ್ಚಿನ ಹಿಡಿಗಳು ಯಂತ್ರಗಳಿಂದ, ಮರ ಅಥವಾ ಪ್ಲಾಸ್ಟಿಕ್‌ನಲ್ಲಿ ತಯಾರಾಗುತ್ತವೆ. ಹಳೆಯ ಕೋವಿಗಳ ದುರಸ್ತಿಯಲ್ಲಿ ಮತ್ತು ಬಳಸುವವರ ಮೈಕಟ್ಟಿಗೆ ಹೊಂದುವ ಹಿಡಿಗಳ ತಯಾರಿಕೆಯಲ್ಲಿ ಕೈಕೆಲಸವು ಉಳಿದುಕೊಂಡಿದೆ.

ರಚನೆ

ಹಿಡಿಯಲ್ಲಿ ಮೂರು ಭಾಗಗಳನ್ನು ಗುರುತಿಸಬಹುದು: ಭುಜಕ್ಕೆ ತಾಗುವ ಬುಡ, ಕೈಯಿಂದ ಹಿಡಿಯುವ ಸಪೂರವಾದ ಕತ್ತು ಮತ್ತು ನಳಿಗೆಯ ಕೆಳಗಿರುವ ಮುಂಭಾಗ. ಇವುಗಳಲ್ಲಿ ಕತ್ತು ಅತ್ಯಂತ ದುರ್ಬಲವಾದುದು. ಹಳೆಯ ಕೋವಿಗಳು ಬಿರುಕು ಬಿಡುವುದು ಹೆಚ್ಚಾಗಿ ಇಲ್ಲಿಯೇ. ಟ್ರಿಗರಿನಿಂದ ಬುಡದ ತುದಿಯವರೆಗಿನ ಅಂತರವು ವಯಸ್ಕರಿಗೆ ಸಾಮಾನ್ಯವಾಗಿ 33ರಿಂದ 37 ಸೆಂ.ಮೀ. ಇರುತ್ತದೆ. ಲೀ-ಎನ್‌ಫೀಲ್ಡ್ ರೈಫಲ್‌ನಲ್ಲಿ ಬುಡ ಮತ್ತು ಮುಂಭಾಗ ಎರಡು ಪ್ರತ್ಯೇಕ ಮರದ ತುಂಡುಗಳಾಗಿವೆ. ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ತಯಾರಾದ ಇಂತಹ ಅನೇಕ ರೈಫಲ್‌ಗಳಲ್ಲಿ, ಮುಂಭಾಗದ ಮರ ಸೀಳದಂತೆ ಅಡ್ಡಲಾಗಿ ಸ್ಕ್ರೂ ಒಂದನ್ನು ಹಾಕಿರುವುದು ಕಂಡುಬರುತ್ತದೆ.

ಮರದ ಆಯ್ಕೆ

ಅಕ್ರೋಟು ಮರವು ಹಿಡಿಗೆ ಅತ್ಯುತ್ತಮವೆಂದು ಪರಿಗಣಿತವಾಗಿದೆ. ಇದು ಹಗುರ, ಸುಲಭವಾಗಿ ಸೀಳುವುದಿಲ್ಲ ಮತ್ತು ಒಮ್ಮೆ ಹದವಾಗಿ ಒಣಗಿದ ಮೇಲೆ ಆಕಾರ ಕೆಡುವುದು ಕಡಿಮೆ. ಭಾರತದಲ್ಲಿ ಇದು ಕಾಶ್ಮೀರ ಮತ್ತು ಹಿಮಾಲಯದ ತಪ್ಪಲಿನಲ್ಲಿ ಬೆಳೆಯುತ್ತದೆ. ಪಶ್ಚಿಮ ಘಟ್ಟದ ಬೀಟೆ ಗಟ್ಟಿಯಾದ, ಸುಂದರವಾದ ಮರವಾದರೂ ಅಕ್ರೋಟಿಗಿಂತ ಬಹಳ ಭಾರವಾದುದು. ಸಾಗುವಾನಿ ತೇವಕ್ಕೆ ಚೆನ್ನಾಗಿ ತಡೆಯುತ್ತದೆ. ಆದರೆ ಎಳೆಯ ಗುಂಟ ಸೀಳುವ ಗುಣ ಅದಕ್ಕಿದೆ.

ಮರದ ಜಾತಿಯಷ್ಟೇ ಎಳೆಗಳ ದಿಕ್ಕೂ ಮುಖ್ಯ. ಕತ್ತಿನ ಬಾಗನ್ನು ಅನುಸರಿಸಿ ಎಳೆಗಳು ಉದ್ದಕ್ಕೂ ಸಾಗಬೇಕು. ಅವು ಕತ್ತನ್ನು ಅಡ್ಡವಾಗಿ ದಾಟಿದರೆ ಒದೆತಕ್ಕೆ ಸಿಕ್ಕು ಹಿಡಿ ಮುರಿಯುತ್ತದೆ.

ತಯಾರಿಕೆ

ಕೊಯ್ದ ಹಲಗೆಯ ತುದಿಗಳಿಗೆ ಮೇಣ ಅಥವಾ ಬಣ್ಣ ಬಳಿದು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಿ ಒಣಗಿಸಲಾಗುತ್ತದೆ. ಪ್ರತಿ ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ರೂಢಿಯ ಲೆಕ್ಕ. ಬಳಿಕ ಆಕಾರವನ್ನು ಗುರುತಿಸಿ, ಗರಗಸದಿಂದ ಕೊಯ್ಯಲಾಗುತ್ತದೆ.

ಲೋಹದ ಭಾಗಗಳಿಗೆ ಗೂಡು ಕೆತ್ತುವುದು ಅತ್ಯಂತ ನಿಧಾನದ ಕೆಲಸ. ಬಿಡಿಸಿದ ಲೋಹದ ಭಾಗಕ್ಕೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ತೆಳುವಾಗಿ ಹಚ್ಚಿ, ಮರದ ಮೇಲೆ ಒತ್ತಲಾಗುತ್ತದೆ. ಮಸಿ ಅಂಟಿದ ಜಾಗವನ್ನಷ್ಟೇ ಉಳಿಯಿಂದ ಹೆರೆದು ಮತ್ತೆ ಒತ್ತಬೇಕು. ಲೋಹವು ಎಲ್ಲ ಕಡೆ ಸಮವಾಗಿ ಕೂರುವವರೆಗೆ ಇದನ್ನು ಹತ್ತಾರು ಬಾರಿ ಮಾಡಲಾಗುತ್ತದೆ. ಒದೆತವು ಒಂದೇ ಬಿಂದುವಿಗೆ ಬಿದ್ದರೆ ಅಲ್ಲಿಂದಲೇ ಬಿರುಕು ಆರಂಭವಾಗುತ್ತದೆ.

ಹೊರಮೈಯನ್ನು ಉಳಿ, ಅರ ಮತ್ತು ಉಪ್ಪುಕಾಗದಗಳಿಂದ ನಯಗೊಳಿಸಲಾಗುತ್ತದೆ. ನಡುವೆ ಒದ್ದೆ ಬಟ್ಟೆಯಿಂದ ಒರೆಸಿ, ಎದ್ದ ನಾರುಗಳನ್ನು ಮತ್ತೆ ಉಜ್ಜಲಾಗುತ್ತದೆ. ಹಿಡಿತಕ್ಕಾಗಿ ಕತ್ತಿನ ಮೇಲೆ ಸಣ್ಣ ಚೌಕಳಿಗಳನ್ನು ಕೊರೆಯುವುದುಂಟು. ಕೊನೆಯಲ್ಲಿ ಅಗಸೆ ಎಣ್ಣೆಯನ್ನು ತೆಳುವಾಗಿ, ಹಲವು ದಿನಗಳ ಕಾಲ ಅಂಗೈಯಿಂದ ತಿಕ್ಕಲಾಗುತ್ತದೆ.

ಹವಾಮಾನದ ಪರಿಣಾಮ

ಮರವು ತೇವ ಹೀರಿದಾಗ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ. ಹೀಗೆ ಹಿಗ್ಗಿದ ಮುಂಭಾಗವು ನಳಿಗೆಯನ್ನು ಪಕ್ಕಕ್ಕೆ ಒತ್ತಿದರೆ ಗುರಿ ತಪ್ಪುತ್ತದೆ. ಆದ್ದರಿಂದ ಹಲವು ರೈಫಲ್‌ಗಳಲ್ಲಿ ನಳಿಗೆ ಮತ್ತು ಮರದ ನಡುವೆ ಕಾಗದ ತೂರುವಷ್ಟು ಅಂತರ ಬಿಡಲಾಗುತ್ತದೆ. ಮಟ್ಟು, ಕಾಪು ಮೊದಲಾದ ಉಡುಪಿಯ ಕರಾವಳಿಯಲ್ಲಿ ಮತ್ತು ಮಲೆನಾಡಿನಲ್ಲಿ, ದೀರ್ಘ ಮಳೆಗಾಲದ ಕಾರಣ ಈ ಎಚ್ಚರ ಹೆಚ್ಚು ಅಗತ್ಯ. ಎಣ್ಣೆಯ ಲೇಪವು ತೇವವನ್ನು ನಿಧಾನಗೊಳಿಸುತ್ತದೆಯೇ ಹೊರತು ಸಂಪೂರ್ಣ ತಡೆಯುವುದಿಲ್ಲ. ಹೊರಗೆ ಕಾಣದ ಗೂಡಿನ ಒಳಮೈಗೂ ಬುಡದ ತಗಡಿನ ಕೆಳಗಿನ ತುದಿಗೂ ಎಣ್ಣೆ ಹಚ್ಚದಿದ್ದರೆ ನೀರು ಅಲ್ಲಿಂದಲೇ ಒಳಸೇರುತ್ತದೆ.

ಕರ್ನಾಟಕದಲ್ಲಿ

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದಲ್ಲಿ, ಹಿಡಿಗೆ ಬೆಳ್ಳಿಯ ಕುಸುರಿ ಮಾಡಿದ ಬಂದೂಕುಗಳು ತಯಾರಾಗುತ್ತಿದ್ದವು. ಅವುಗಳಲ್ಲಿ ಕೆಲವು ಇಂದು ವಿದೇಶಿ ವಸ್ತುಸಂಗ್ರಹಾಲಯಗಳಲ್ಲಿವೆ. ಕೊಡಗಿನಲ್ಲಿ ಕೋವಿಯು ಮನೆತನದ ಗೌರವದ ವಸ್ತುವಾಗಿದ್ದು, ಸೆಪ್ಟೆಂಬರ್ ತಿಂಗಳಲ್ಲಿ ಬರುವ ಕೈಲ್ ಮುಹೂರ್ತ ಹಬ್ಬದಂದು ‘ತೋಕ್ ಪೂ’ ಎಂಬ ಹೂವಿನಿಂದ ಅಲಂಕರಿಸಿ ಪೂಜಿಸಲಾಗುತ್ತದೆ. ಕರಾವಳಿ ಮತ್ತು ಮಲೆನಾಡಿನ ಕೃಷಿಕರಲ್ಲಿ, ಕಾಡುಹಂದಿಗಳಿಂದ ಬೆಳೆಯನ್ನು ಕಾಯಲು ಪರವಾನಗಿ ಪಡೆದ ಕೋವಿಗಳಿವೆ. ಚುನಾವಣೆಯ ಸಮಯದಲ್ಲಿ ಇವನ್ನು ಪೊಲೀಸ್ ಠಾಣೆಗಳಲ್ಲಿ ಠೇವಣಿ ಇರಿಸಬೇಕಾಗುವುದು ಕೃಷಿಕರ ಬಹುಕಾಲದ ಅಳಲಾಗಿದೆ.

ಕಾನೂನು

1959ರ ಶಸ್ತ್ರಾಸ್ತ್ರ ಕಾಯಿದೆಯ ವ್ಯಾಖ್ಯೆಯಲ್ಲಿ ಆಯುಧದ ಬಿಡಿಭಾಗಗಳೂ ಸೇರಿವೆ. ಬಂದೂಕುಗಳ ತಯಾರಿಕೆ, ಮಾರಾಟ ಮತ್ತು ದುರಸ್ತಿಯ ವೃತ್ತಿಗೆ ಪರವಾನಗಿ ಕಡ್ಡಾಯ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಹೊಂದುವ ಪರವಾನಗಿಯಿಂದ ನೀಡಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಬೀಟೆ ಸೇರಿದಂತೆ ಅದರ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರವು 2017ರಿಂದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ.